ಒಳಕೋಣೆಯ ಅಳತೆ

ಅಷ್ಟೂ ರಾದ್ಧಾಂತಕ್ಕೆ ಕಾರಣ ಒಂದೇ ಒಂದು ಸಾಲು. ಅದನ್ನು ಅವನು ಬರೆದದ್ದೂ ಅಲ್ಲ. ಹನ್ನೆರಡು ವರ್ಷದ ಹಿಂದೆ ಯಾರೋ ಪುಣ್ಯಾತ್ಮರು ಬರೆದು ಕೈತೊಳೆದುಕೊಂಡಿದ್ದರು. ತಿದ್ದುವ ಯೋಗ ಮಾತ್ರ ಇವನ ಹಣೆಗೆ ಬಂತು. ಅದೂ ಯಾವತ್ತು? ಸಂಜೆ ಐದೂ ನಲವತ್ತರ ರೈಲಿಗೆ ಹೆಂಡತಿ, ಮಗಳು, ಅತ್ತೆಯನ್ನು ಕರೆದುಕೊಂಡು ಸಮುದ್ರ ನೋಡಲು ಹೊರಡಬೇಕಾಗಿದ್ದ ದಿನ.

ಅವನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇತ್ತು. ಚಾಲ್ತಿಯಲ್ಲಿದ್ದದ್ದು ‘ಇಗೋಬಂದೆ’. ಫೋನು ಎತ್ತಿದರೆ ಸಾಕು, ಎಲ್ಲಿದ್ದರೂ ಹೇಗಿದ್ದರೂ ಅವನ ಬಾಯಿಂದ ಉದುರುವ ಮೊದಲ ಮಾತು ‘ಇಗೋ ಬಂದೆ’. ಆಫೀಸಿನ ಕುರ್ಚಿಯಲ್ಲಿ ಬೇರು ಬಿಟ್ಟು ಕೂತಿರುವಾಗಲೂ ಅದೇ, ತಲೆಗೆ ಸೋಪು ಹಚ್ಚಿಕೊಂಡಿರುವಾಗಲೂ ಅದೇ. ಅವನ ಹೆಂಡತಿ ಹತ್ತು ವರ್ಷದ ಸಂಸಾರದಲ್ಲಿ ಆ ಮಾತಿನ ಸರಿಯಾದ ಅರ್ಥ ಕಂಡುಹಿಡಿದಿದ್ದಳು: ಕನಿಷ್ಠ ಒಂದೂವರೆ ಗಂಟೆ. ಎರಡು ಸಲ ಸಮುದ್ರಕ್ಕೆ ಹೊರಟು, ಎರಡು ಸಲವೂ ಸ್ಟೇಷನ್ನಿನಲ್ಲಿ ಆ ಮಾತನ್ನು ಕೇಳಿ, ರೈಲಿನ ಬೆನ್ನು ನೋಡಿ ಮನೆಗೆ ಮರಳಿದ್ದರು.

ಆ ಬೆಳಿಗ್ಗೆ ಅತ್ತೆಗೆ ಪೆಟ್ಟಿಗೆಯ ಭಾರದ್ದೇ ಚಿಂತೆ. ತೂಕದ ಯಂತ್ರದ ಮೇಲೆ ಪೆಟ್ಟಿಗೆ ಇಟ್ಟರೆ ಅಂಕಿಯೇ ಮುಚ್ಚಿಹೋಗುತ್ತಿತ್ತು. ಅದಕ್ಕೆ ಮೊದಲು ಅಳಿಯನೊಬ್ಬನನ್ನೇ ನಿಲ್ಲಿಸಿ, ಆಮೇಲೆ ಪೆಟ್ಟಿಗೆ ಹಿಡಿಸಿ ನಿಲ್ಲಿಸಿ, ಎರಡನೆಯದರಿಂದ ಮೊದಲನೆಯದನ್ನು ಕಳೆಯುವುದೆಂದು ತೀರ್ಮಾನವಾಯಿತು.

“ಎಪ್ಪತ್ತೆಂಟು!” ಮಗಳು ನೆಲಕ್ಕೆ ಮೂಗು ತಾಗಿಸಿ ಓದಿ, ಪಕ್ಕದ ಮನೆಗೂ ಕೇಳುವಂತೆ ಸಾರಿದಳು. “ಪೆಟ್ಟಿಗೆ ಜೊತೆ ತೊಂಬತ್ತೇಳು!”

“ಅಂದ್ರೆ ಪೆಟ್ಟಿಗೆ ಹತ್ತೊಂಬತ್ತು. ಪರವಾಗಿಲ್ಲ,” ಅತ್ತೆ ಸಮಾಧಾನಪಟ್ಟರು. “ಪೆಟ್ಟಿಗೆ ಹಗುರಾನೇ ಇದೆ. ಅಳಿಯಂದ್ರೇ ಸ್ವಲ್ಪ ಜಾಸ್ತಿ ತುಂಬಿಸ್ಕೊಂಡಿದಾರೆ.”

“ಇನ್ಮೇಲೆ ಆಫೀಸಲ್ಲಿ ಲಿಫ್ಟ್ ಹತ್ತಬೇಡಿ, ಮೆಟ್ಟಿಲು ಹತ್ತಿ,” ಎಂದಳು ಹೆಂಡತಿ. ಆಮೇಲೆ ಸೊಂಟದ ಮೇಲೆ ಕೈಯಿಟ್ಟುಕೊಂಡು ಎದುರು ನಿಂತಳು. “ನೋಡಿ, ಐದೂ ಕಾಲಿಗೆ ನಾವು ಮೂವರೂ ನಿಮ್ಮ ಆಫೀಸಿನ ಕೆಳಗೆ ಬಂದು ನಿಂತಿರ್ತೀವಿ. ಸ್ಟೇಷನ್ ಅಲ್ಲೇ ಹಿಂದುಗಡೆ. ನಾನು ಫೋನ್ ಮಾಡಿದಾಗ ನಿಮ್ಮ ಬಾಯಿಂದ ಆ ಎರಡು ಮಾತು ಬಂತೋ, ಮುಗೀತು. ನಿಮ್ಮನ್ನ ಬಿಟ್ಟು ಹೊರಟುಬಿಡ್ತೀವಿ.”

“ಯಾವ ಎರಡು ಮಾತು?” ಎಂದ ಅವನು, ಏನೂ ಅರಿಯದ ಹಸುಳೆಯಂತೆ.

“ಇಗೋ ಬಂದೆ!” ಮನೆಯವರು ಮೂವರೂ ಒಟ್ಟಿಗೆ ಕೂಗಿದರು.

ಮಗಳು ಆಗಲೇ ಮರಳು ತುಂಬುವ ನೀಲಿ ಬಕೆಟ್ಟನ್ನು ಟೋಪಿಯಂತೆ ತಲೆಗೆ ಹಾಕಿಕೊಂಡಿದ್ದಳು. ಏಳು ವರ್ಷದ ಹುಡುಗಿ ಒಮ್ಮೆಯೂ ಸಮುದ್ರ ಕಂಡಿಲ್ಲ. ಈ ಸಲ ಏನಾದರೂ ಆಗಲಿ, ತಾನು ಅವಳ ಕೈ ಹಿಡಿದು ಅಲೆಯಲ್ಲಿ ನಿಲ್ಲಲೇಬೇಕು ಎಂದು ಅವನ ಕರುಳು ಹೇಳುತ್ತಿತ್ತು.

ಹೊರಡುವಾಗ ಫೋನು ನೋಡಿದರೆ ಬ್ಯಾಟರಿ ಅರ್ಧಕ್ಕಿಳಿದಿತ್ತು. “ಚಾರ್ಜರ್ ಎಲ್ಲಿ?” ಎಂದು ಕೇಳಿದ.

“ಪೆಟ್ಟಿಗೇಲಿ ಹಾಕಿದೀನಿ. ಎಲ್ಲಕ್ಕಿಂತ ಕೆಳಗೆ, ಭದ್ರವಾಗಿ,” ಎಂದರು ಅತ್ತೆ. ಅವನದು ಓಬೀರಾಯನ ಕಾಲದ ಫೋನು. ಆಫೀಸಿನಲ್ಲಿ ಯಾರ ಪಿನ್ನೂ ಅದಕ್ಕೆ ಹೊಂದುತ್ತಿರಲಿಲ್ಲ. ಅತ್ತೆ ಕಟ್ಟಿದ ಪೆಟ್ಟಿಗೆಯನ್ನು ಬಿಚ್ಚಿಸುವ ಧೈರ್ಯವೂ ಅವನಿಗೆ ಇರಲಿಲ್ಲ.

“ಅಲ್ಲ, ಇವತ್ತೂ ಹೋಗಲೇಬೇಕಾದಂಥ ಕೆಲಸ ಏನು?” ಅವನು ಬೂಟು ಕಟ್ಟಿಕೊಳ್ಳುತ್ತಿದ್ದಾಗ ಅತ್ತೆ ಕೇಳಿದರು.

ಅವನ ಕಂಪನಿ ತಯಾರಿಸುತ್ತಿದ್ದದ್ದು ಕಂಪೈಲರ್. ಮನುಷ್ಯರು ಬರೆದ ಪ್ರೋಗ್ರಾಮನ್ನು ಯಂತ್ರದ ಭಾಷೆಗೆ ಇಳಿಸುವ ಸಾಫ್ಟ್‌ವೇರು ಅದು. ಇಳಿಸುವಾಗ, ಯಾವ ಹೆಸರು ಎಲ್ಲಿದೆ, ಯಾವುದನ್ನು ಯಾವ ಅಚ್ಚಿನಲ್ಲಿ ಓದಬೇಕು ಎಂಬ ಪಟ್ಟಿಯನ್ನೂ ಬರೆದಿಡುತ್ತದೆ. ಅದು ಡೀಬಗ್ ಮಾಹಿತಿ. ಮುಂದೆ ಏನಾದರೂ ಕೆಟ್ಟರೆ, ಡೀಬಗರ್ ಎಂಬ ಇನ್ನೊಂದು ಸಾಧನ ಓಡುತ್ತಿರುವ ಪ್ರೋಗ್ರಾಮನ್ನು ತಡೆದು ನಿಲ್ಲಿಸಿ, ಆ ಪಟ್ಟಿ ಹಿಡಿದುಕೊಂಡು ಅದರ ಹೊಟ್ಟೆಯೊಳಗೆ ಇಣುಕುತ್ತದೆ. ಇದನ್ನೆಲ್ಲ ಅತ್ತೆಗೆ ಹೇಳುವುದು ಹೇಗೆ? ಅವನು ಅವರ ದಾರಿಗೇ ಬಂದ.

“ನಿಮ್ಮ ತವರುಮನೇಲಿ ಇಬ್ಬರು ಪುಟ್ಟಿಯರು ಇದ್ರಲ್ಲ, ನಿಮ್ಮ ಅಣ್ಣನ ಮಗಳು ಒಂದು ಕೋಣೇಲಿ, ತಮ್ಮನ ಮಗಳು ಇನ್ನೊಂದು ಕೋಣೇಲಿ. ಯಾರೋ ಹೆಬ್ಬಾಗಿಲಲ್ಲಿ ನಿಂತು ‘ಪುಟ್ಟೀ’ ಅಂದ್ರೆ ಯಾರು ಓಡಿಬರ್ತಿದ್ರು?”

“ದೊಡ್ಡ ಪುಟ್ಟೀನೇ. ಅವಳ ಕೋಣೆ ಬಾಗಿಲ ಹತ್ರ.”

“ಅದೇ ತೊಂದರೆ. ನಮ್ಮ ಕಂಪೈಲರ್ ಒಳಕೋಣೆಯಲ್ಲಿ ಹುಟ್ಟಿದವರ ಹೆಸರನ್ನೆಲ್ಲ ತಂದು ಹೆಬ್ಬಾಗಿಲಲ್ಲೇ ಬರೆದುಬಿಡುತ್ತೆ. ಯಾವ ಕೋಣೆಯವರು ಅನ್ನೋದನ್ನ ಬರೆಯೋದೇ ಇಲ್ಲ.”

ಅತ್ತೆ ಒಂದು ಕ್ಷಣ ಯೋಚಿಸಿದರು. “ಇಬ್ಬರಿಗೂ ಬೇರೆ ಬೇರೆ ಹೆಸರಿಟ್ಟಿದ್ರೆ ಆಗ್ತಿರಲಿಲ್ವೇ?”

ಅವನು ಬೂಟಿನ ದಾರವನ್ನು ಇನ್ನಷ್ಟು ಬಿಗಿಯಾಗಿ ಎಳೆದು ಹೊರಟ.

ಈ ಬಗ್ಗಿನ, ಅಂದರೆ ತಪ್ಪಿನ, ದೂರು ಕೊಟ್ಟವರು ಒಂದು ಲಿಫ್ಟ್ ಕಂಪನಿಯವರು. ಅವರ ಪ್ರೋಗ್ರಾಮಿನಲ್ಲಿ ಲಿಫ್ಟ್ ಓಡಿಸುವ ದೊಡ್ಡದೊಂದು ಫಂಕ್ಷನ್ನು, ಅಂದರೆ ಒಂದು ಕೆಲಸಕ್ಕೆಂದು ಬರೆದ ಆಜ್ಞೆಗಳ ಕಂತೆ; ಅದೇ ಮನೆ. ಅದರೊಳಗಿನ ಒಂದು ಕೋಣೆ ಬಾಗಿಲು ಎಷ್ಟು ತೆರೆದಿದೆ ಎಂದು ಅಳೆದರೆ, ಇನ್ನೊಂದು ಒಳಗಿರುವ ಭಾರ ಎಷ್ಟು ಎಂದು ಅಳೆಯುತ್ತಿತ್ತು. ಎರಡರಲ್ಲೂ ‘ಅಳತೆ’ ಎಂಬ ಹೆಸರಿನದೇ ಅಚ್ಚು. ಇವರ ಭಾಷೆಯಲ್ಲಿ ಅಚ್ಚಿಗೆ ‘ಟೈಪ್’ ಎನ್ನುತ್ತಾರೆ. ಡೀಬಗರಿನಲ್ಲಿ ಭಾರ ಎಷ್ಟು ಎಂದು ಕೇಳಿದರೆ, ಅದು ಹೆಬ್ಬಾಗಿಲ ಪಟ್ಟಿ ನೋಡಿ, ಮೊದಲು ಸಿಕ್ಕ ಅಚ್ಚಿನಲ್ಲಿ ಓದಿ, ‘ಬಾಗಿಲು ನಾನೂರು ಮೀಟರು ತೆರೆದಿದೆ’ ಎನ್ನುತ್ತಿತ್ತು. ಈ ಲಿಫ್ಟಿನ ಬಗ್ಗೆ ಇವನ ಆಫೀಸಿನವರಿಗೆ ಮೊದಲೇ ಒಂದು ಬಗೆಯ ಕೌಟುಂಬಿಕ ಮಮತೆ. ಅವರ ಆರು ಮಹಡಿ ಕಟ್ಟಡದಲ್ಲಿ ಓಡುತ್ತಿದ್ದದ್ದೂ ಅದೇ ಕಂಪನಿಯ ಲಿಫ್ಟು. ಮೂರು ಒತ್ತಿದರೆ ಒಮ್ಮೊಮ್ಮೆ ನಾಲ್ಕಕ್ಕೆ ಹೋಗಿ ನಿಂತು ಬೇಸರಪಡುತ್ತಿತ್ತು.

ಅವನು ಹೆಂಡತಿಯ ಮಾತಿಗೆ ಬೆಲೆಕೊಟ್ಟು ಆರು ಮಹಡಿಯನ್ನೂ ಮೆಟ್ಟಿಲಲ್ಲೇ ಹತ್ತಿ, ಏದುಸಿರು ಬಿಡುತ್ತ ಮೇನೇಜರ ಎದುರು ನಿಂತ.

“ಬಗ್ ಮುಚ್ಚಿದರೆ ರಜೆ,” ಎಂದರು ಮೇನೇಜರು. “ತೆರೆದಿದ್ದರೆ ರಜೆ ಇಲ್ಲ. ಅಷ್ಟೇ.”

“ಒಂದೇ ಸಾಲು ಸಾರ್. ಹತ್ತು ನಿಮಿಷದ ಕೆಲಸ,” ಎಂದ ಅವನು. ಮೇನೇಜರು ನಕ್ಕರು. ಅವರೂ ಒಂದು ಕಾಲದಲ್ಲಿ ಎಂಜಿನಿಯರಾಗಿದ್ದವರೇ.

ಕೆಲಸ ನಿಜಕ್ಕೂ ಹತ್ತೇ ನಿಮಿಷದ್ದು. ಟೈಪನ್ನು ಹೆಬ್ಬಾಗಿಲಲ್ಲಿ ಬರೆಯುತ್ತಿದ್ದ ಸಾಲನ್ನು ಹುಡುಕಿ, ಅದು ಹುಟ್ಟಿದ ಕೋಣೆಯೊಳಗೇ ಬರೆಯುವಂತೆ ತಿದ್ದಿದ. ಇಷ್ಟು ಸುಲಭದ್ದನ್ನು ಹನ್ನೆರಡು ವರ್ಷ ಯಾರೂ ಮಾಡಲಿಲ್ಲವಲ್ಲ ಎಂದು ಸ್ವಲ್ಪ ಬೀಗಿದ. ಹಾಗೆ ಅನ್ನಿಸಿದಾಗಲೇ ಎಚ್ಚರವಾಗಬೇಕಿತ್ತು.

ಹನ್ನೊಂದು ಗಂಟೆಗೆ ಪಕ್ಕದ ಸಾಲಿನಿಂದ ಪರೀಕ್ಷಕಿ ಎದ್ದು ನಿಂತಳು. ಆಕೆಯ ಅಡ್ಡಹೆಸರು ಜರಡಿ. ಅವಳ ಕೈಯಿಂದ ಕಲ್ಲು ಜಾರಿದ್ದನ್ನು ಕಂಡವರಿಲ್ಲ.

“ಇಗೋಬಂದೆಯವರೇ, ಏನು ಮಾಡಿದ್ರಿ? ಮುನ್ನೂರ ಹನ್ನೆರಡು ಟೆಸ್ಟ್ ಮಲಗಿದಾವೆ.”

“ಮುನ್ನೂರಾ?”

“ಹನ್ನೆರಡನ್ನ ಮರೀಬೇಡಿ. ಟೈಪುಗಳೇ ಕಾಣೆ. ಮೊದಲು ತಪ್ಪು ಬಾಗಿಲಲ್ಲಾದ್ರೂ ಇದ್ವು, ಈಗ ಮನೆ ಬಿಟ್ಟೇ ಹೋಗಿದಾವೆ.”

ಅರ್ಧ ಗಂಟೆ ಜಾಲಾಡಿದ ಮೇಲೆ ಕಳ್ಳ ಸಿಕ್ಕಿದ. ಎದುರು ಮೇಜಿನವನು. ಪ್ರೋಗ್ರಾಮಿನಲ್ಲಿ ಬೇಡದ್ದನ್ನೆಲ್ಲ ಕಿತ್ತುಹಾಕಿ ಚುರುಕುಗೊಳಿಸುವ ಭಾಗ ಅವನದು. ಆ ಕೆಲಸದಿಂದಲೇ ಅವನಿಗೆ ಕತ್ತರಿ ಎಂಬ ಹೆಸರು ಬಂದಿತ್ತು. ಆಫೀಸಿನ ಬೀಳ್ಕೊಡುಗೆ ಭಾಷಣಗಳನ್ನೂ ಅವನೇ ಅರ್ಧಕ್ಕೆ ಇಳಿಸುತ್ತಿದ್ದ.

“ಹೌದು, ನಾನೇ ಕೆಡವಿದ್ದು,” ಕತ್ತರಿ ಒಂದಿಷ್ಟೂ ಅಳುಕದೆ ಒಪ್ಪಿಕೊಂಡ. “ಖಾಲಿ ಕೋಣೆಗಳು. ಒಂದು ಕೆಲಸವೂ ನಡೀತಿರಲಿಲ್ಲ. ಇಟ್ಕೊಂಡು ಏನು ಮಾಡ್ತೀಯ?”

“ಅಯ್ಯೋ ಮಹರಾಯ, ಕೆಲಸ ಇಲ್ಲದಿದ್ರೇನು, ಒಳಗೆ ಟೈಪ್ ಇತ್ತಲ್ಲೋ! ಕೋಣೆ ಜೊತೆ ಅದನ್ನೂ ಗುಡಿಸಿಹಾಕಿದೀಯ.”

“ಅದು ಅಲ್ಲಿಗೆ ಯಾವಾಗ ಬಂತು? ನಿನ್ನೆವರೆಗೂ ಹೆಬ್ಬಾಗಿಲಲ್ಲಿತ್ತು.”

“ಇವತ್ತು ಬೆಳಿಗ್ಗೆ ನಾನೇ ಒಳಗೆ ಕಳಿಸಿದೆ.”

“ನನಗೊಂದು ಮಾತು ಹೇಳಿದ್ಯಾ?” ಎಂದು ಕತ್ತರಿ ಮುಖ ಊದಿಸಿಕೊಂಡ. ಸಮಾಧಾನ ಮಾಡಿಸಲು ಎರಡು ಕಾಫಿ ಬೇಕಾಯಿತು. ಕೊನೆಗೆ, ಕೋಣೆಯನ್ನು ಕೆಡವಿದರೂ ಪಟ್ಟಿಯಲ್ಲಿ ಅದರ ಹೆಸರು ಉಳಿಸಬೇಕೆಂದು ರಾಜಿಯಾಯಿತು.

ಆ ಹೊತ್ತಿಗೆ ಹೆಂಡತಿಯ ಫೋನು. “ಏನು ಮಾಡ್ತಾ ಇದೀರಾ?”

“ಇಗೋ...” ಎಂದವನು ನಾಲಿಗೆ ಕಚ್ಚಿಕೊಂಡ. “ಇಗೋ, ಕೆಲಸ ಮುಗೀತಾ ಬಂತು.”

“ಬಚಾವಾದ್ರಿ,” ಎಂದು ಆಕೆ ಫೋನಿಟ್ಟಳು.

ಹೋದೆಯಾ ಪಿಶಾಚಿ ಅಂದರೆ ಬಂದೆ ಗವಾಕ್ಷೀಲಿ ಅನ್ನುವಂತೆ, ಎರಡು ಗಂಟೆಗೆ ಜರಡಿ ಮತ್ತೆ ಎದ್ದಳು. “ಎಲ್ಲ ಪಾಸು,” ಎಂದಳು. ಅವನು ಉಸಿರು ಬಿಡುವಷ್ಟರಲ್ಲಿ ಮುಂದುವರಿಸಿದಳು, “ಆದ್ರೆ ಪಟ್ಟಿಯ ಫೈಲು ಎರಡು ಎಂಬಿ ಇದ್ದದ್ದು ತೊಂಬತ್ತಾಗಿದೆ.”

ಈಗ ಸುತ್ತಲೂ ಜನ ಸೇರಿದರು. ಬೀದಿಯಲ್ಲಿ ಸೈಕಲ್ ಬಿದ್ದರೆ ಸೇರುವಂತೆ, ಕಂಪೈಲರಿಗೂ ತಮಗೂ ಸಂಬಂಧವಿಲ್ಲದ ಲೆಕ್ಕಪತ್ರದವರೂ ಬಂದು ಪರದೆಗೆ ಬೆರಳು ತೋರಿಸಿ ಸಲಹೆ ಕೊಟ್ಟರು. ಒಬ್ಬರು ಕಂಪ್ಯೂಟರನ್ನು ಒಮ್ಮೆ ಆರಿಸಿ ಹಚ್ಚಿ ಎಂದರು. ಮೇನೇಜರು ಗಲ್ಲ ಕೆರೆದುಕೊಂಡು, ಹೊಸದೇನೋ ಹೊಳೆದವರಂತೆ ಕೇಳಿದರು:

“ಅಲ್ಲಾರೀ, ಆ ಎರಡು ಟೈಪಿಗೂ ಬೇರೆ ಬೇರೆ ಹೆಸರಿಡೋಕೆ ಗಿರಾಕಿಗೆ ಹೇಳಿದ್ರೆ?”

ಅತ್ತೆಯನ್ನೇ ಮೇನೇಜರ ಕುರ್ಚಿಯಲ್ಲಿ ಕೂರಿಸಿದ್ದರೆ ಸಂಬಳವಾದರೂ ಮನೆಗೆ ಬರುತ್ತಿತ್ತು ಎಂದುಕೊಂಡ ಅವನು.

ತೊಂದರೆ ಇಷ್ಟೇ. ಕತ್ತರಿಯ ಇನ್ನೊಂದು ಚಾಳಿ: ಸಣ್ಣ ಫಂಕ್ಷನ್ನುಗಳನ್ನು ಬಳಸಿದ ಕಡೆಯಲ್ಲೆಲ್ಲ ನಕಲು ಮಾಡಿ ಅಂಟಿಸುವುದು. ಒಂದು ಮನೆ ನಲವತ್ತು ಕಡೆ ನಕಲಾದರೆ, ಈಗ ಒಳಕೋಣೆಗೆ ಸೇರಿಕೊಂಡಿದ್ದ ಟೈಪೂ ನಲವತ್ತು ಸಲ ಬರೆಸಿಕೊಳ್ಳುತ್ತಿತ್ತು. ಗಂಟೆ ಮೂರಾಯಿತು. ಅವನಿಗೆ ಕಣ್ಣೆದುರು ಕಾಣುತ್ತಿದ್ದದ್ದು ನೀಲಿ ಬಕೆಟ್ಟು ಮಾತ್ರ. ಊಟವನ್ನಂತೂ ಮರೆತೇಬಿಟ್ಟಿದ್ದ.

ಕೊನೆಗೆ ಮೂಲೆಯಿಂದ ಅಜ್ಜ ಬಂದರು. ವಯಸ್ಸು ಐವತ್ತೊಂದೇ ಆದರೂ ಆ ಆಫೀಸಿನಲ್ಲಿ ಅದು ಅಜ್ಜನ ವಯಸ್ಸು. ಅವರು ಪರದೆಯನ್ನು ಕನ್ನಡಕದ ಮೇಲಿನಿಂದ ಒಮ್ಮೆ, ಕೆಳಗಿನಿಂದ ಒಮ್ಮೆ ನೋಡಿದರು.

“ಮನೆ ನಲವತ್ತು ಕಟ್ಟಿದ್ರೂ ನಕ್ಷೆ ಎಷ್ಟಪ್ಪ?”

“ಒಂದೇ.”

“ಮತ್ತೆ? ಟೈಪನ್ನ ನಕ್ಷೆಯ ಕೋಣೇಲಿ ಬರಿ. ಪ್ರತಿ ಮನೆ ಗೋಡೆ ಮೇಲೂ ಯಾಕೆ ಬರೀತೀಯ? ‘ನಕ್ಷೆ ನೋಡಿ’ ಅಂತ ಒಂದು ಬಾಣ ಹಾಕು, ಸಾಕು.”

ಅವನಿಗೆ ಅಜ್ಜನ ಕಾಲಿಗೆ ಬೀಳಬೇಕೆನ್ನಿಸಿತು. ಬೀಳಲು ಸಮಯವಿರಲಿಲ್ಲ. ಬೆರಳು ಮುರಿಯುವಂತೆ ಕೀಲಿಮಣೆ ಕುಟ್ಟಿದ. ನಾಲ್ಕೂ ಇಪ್ಪತ್ತಕ್ಕೆ ಜರಡಿ ಮೂರನೇ ಸಲ ಎದ್ದಳು. ಆಫೀಸು ಆಫೀಸೇ ಉಸಿರು ಹಿಡಿಯಿತು.

“ಎಲ್ಲ ಪಾಸು. ಫೈಲು ಎರಡೇ ಎಂಬಿ.” ಅವಳು ಅವನನ್ನೇ ನೋಡಿದಳು. “ನನಗೇ ನಂಬೋಕೆ ಆಗ್ತಿಲ್ಲ. ಇನ್ನೊಂದು ಸಲ ಓಡಿಸ್ತೀನಿ.” ಇನ್ನೊಂದು ಸಲವೂ ಪಾಸು.

ಹೊಸ ಕಂಪೈಲರು ಗಿರಾಕಿಗೆ ಹೋಯಿತು. ಲಿಫ್ಟ್ ಕಂಪನಿಯ ಎಂಜಿನಿಯರು ಫೋನಿನಲ್ಲಿ ಖುಷಿಯಾಗಿ ಮಾತಾಡಿದರು. “ನಾನು ಇಲ್ಲೇ ಹತ್ತಿರದಲ್ಲೇ ಇದೀನಿ. ಮೇಜಿನ ಮೇಲೆ ನೋಡಿದ್ರೆ ಏನು ಪ್ರಯೋಜನ? ಇವತ್ತೇ ನಿಜವಾದ ಲಿಫ್ಟಿಗೆ ಹಾಕಿ, ನಿಲ್ಲಿಸಿ, ನೋಡೇಬಿಡ್ತೀನಿ.”

“ನೋಡಿ ನೋಡಿ,” ಎಂದರು ಮೇನೇಜರು. ಬಗ್ಗಿನ ಎದುರು ‘ಮುಚ್ಚಿದೆ’ ಎಂದು ಬರೆದು, ಇಗೋಬಂದೆಯ ಬೆನ್ನು ತಟ್ಟಿದರು. “ಐದು ಗಂಟೆಗೆ ಹೊರಡಿ. ಲ್ಯಾಪ್‌ಟಾಪು ಇಲ್ಲೇ ಬಿಟ್ಟುಹೋಗಿ. ಸಮುದ್ರದಲ್ಲಿ ಕಂಪೈಲರ್ ಯಾಕೆ?”

ಅವನು ಮೇಜನ್ನು ಒರೆಸಿದ. ಜರಡಿಯ, ಕತ್ತರಿಯ, ಅಜ್ಜನ ಕೈ ಕುಲುಕಿದ. ಅಜ್ಜ ತಮ್ಮ ಸಮುದ್ರ ಪ್ರಯಾಣದ ಕಥೆ ಹೇಳಿದ್ದರಿಂದ ಗಂಟೆ ಐದೂ ಹದಿನೆಂಟಾಯಿತು. ಅವನು ಬರಿಗೈ ಬೀಸಿಕೊಂಡು ಹೊರಗೆ ಬಂದ. ಮೈ ಹಗುರವಾಗಿತ್ತು, ಮದುವೆಯಾದ ಮೇಲೆ ಇಷ್ಟು ಸಂತೋಷವಾಗಿದ್ದ ದಿನಗಳನ್ನು ಬೆರಳಲ್ಲಿ ಎಣಿಸಬಹುದಿತ್ತು.

ಮೆಟ್ಟಿಲ ಕಡೆ ತಿರುಗಿದ. ಹೆಂಡತಿಯ ಮಾತು ನೆನಪಿತ್ತು. ಆದರೆ ಆರನೆಯ ಮಹಡಿಯಲ್ಲಿ ಲಿಫ್ಟು ಬಾಗಿಲು ಅಗಲಿಸಿಕೊಂಡು, ದೀಪ ಹಚ್ಚಿಕೊಂಡು, ಇವನಿಗಾಗಿಯೇ ಕಾದಂತೆ ನಿಂತಿತ್ತು. ರೈಲಿಗೆ ಇಪ್ಪತ್ತೆರಡು ನಿಮಿಷ. ಇವತ್ತೊಂದು ದಿನ ಎಂದುಕೊಂಡು ಒಳಗೆ ಕಾಲಿಟ್ಟು ಸೊನ್ನೆ ಒತ್ತಿದ. ಬಾಗಿಲು ಮುಚ್ಚಿಕೊಂಡಿತು.

ಲಿಫ್ಟು ಕದಲಲಿಲ್ಲ.

ಮತ್ತೆ ಒತ್ತಿದ. ಗುಂಡಿಯ ದೀಪ ಹತ್ತಲಿಲ್ಲ. ತಲೆಯ ಮೇಲಿನ ಫ್ಯಾನು ನಿಂತಿತ್ತು. ಬಾಗಿಲು ತೆರೆಯುವ ಗುಂಡಿ ಒತ್ತಿದ, ಗಂಟೆಯ ಗುಂಡಿ ಒತ್ತಿದ, ಮಾತಾಡುವ ಗುಂಡಿ ಒತ್ತಿ ಅದರ ತೂತಿಗೆ ಬಾಯಿಟ್ಟು “ಹಲೋ” ಎಂದ. ಎಲ್ಲವೂ ನಿದ್ದೆಗೆ ಜಾರಿದ್ದವು. ಕರೆಂಟು ಹೋಗಿದೆಯೆಂದರೆ ದೀಪ ಉರಿಯುತ್ತಿದೆ. ಅವನು ಬಾಗಿಲನ್ನು ದಬದಬ ಬಡಿದ, ಒದ್ದ, ಕೂಗಿದ. ಯಾರೂ ಬರಲಿಲ್ಲ.

ಫೋನು ತೆಗೆದ. ಬ್ಯಾಟರಿ ಎರಡು ಪರ್ಸೆಂಟು. ಸಿಗ್ನಲ್ಲು ಒಂದೇ ಗೆರೆ, ಅದೂ ಬಂದು ಹೋಗಿ ಮಾಡುತ್ತಿತ್ತು. ಅಷ್ಟರಲ್ಲಿ ಒಂದು ಇಮೇಲು ಬಂದು ಬಿತ್ತು. ಮೇನೇಜರದು. ‘ಬಗ್ ಮತ್ತೆ ತೆರೆದಿದೆ. ರಜೆ ಸದ್ಯಕ್ಕೆ ರದ್ದು. ಎಲ್ಲಿದ್ದೀರಿ?’ ಅದರ ಕೆಳಗೆ ಲಿಫ್ಟ್ ಎಂಜಿನಿಯರ ಪತ್ರವಿತ್ತು. ಅವನು ಓದತೊಡಗಿದ.

‘ನಿಮ್ಮ ಕಟ್ಟಡದ ಲಿಫ್ಟೇ ಹತ್ತಿರವಿದ್ದುದರಿಂದ ಅದಕ್ಕೇ ಹಾಕಿ ನೋಡಿದೆವು. ನಾನು ಛಾವಣಿಯ ಯಂತ್ರದ ಕೋಣೆಯಲ್ಲಿದ್ದೇನೆ. ಭಾರ ಅಳೆಯುವ ಕಡೆ ಪ್ರೋಗ್ರಾಮನ್ನು ಡೀಬಗರಿನಿಂದ ನಿಲ್ಲಿಸಿದ್ದೇವೆ. ಟೈಪು ಈಗ ಸರಿಯಾಗಿ ಕಾಣುತ್ತಿದೆ, ಅಭಿನಂದನೆಗಳು. ಆದರೆ ಅಂಕಿ ಇನ್ನೂ ತಪ್ಪು. ಖಾಲಿ ಲಿಫ್ಟಿನಲ್ಲಿ ಎಪ್ಪತ್ತೆಂಟು ಕಿಲೋ ತೋರಿಸುತ್ತಿದೆ. ಒಳಗೆ ಯಾರೂ ಇರಲು ಸಾಧ್ಯವೇ ಇಲ್ಲ. ಯಾರೂ ಹತ್ತಬಾರದೆಂದು ಕೆಳಗೆ ಹೆಬ್ಬಾಗಿಲಲ್ಲೇ ಫಲಕ ಹಾಕಿದ್ದೇವೆ. ಒಳಗಿನಿಂದ ಆಗಾಗ ದಬದಬ ಶಬ್ದ ಬರುತ್ತಿದೆ. ಅದು ನಮ್ಮ ಯಂತ್ರದ ತೊಂದರೆ, ಅದಕ್ಕೆ ನೀವು ತಲೆಕೆಡಿಸಿಕೊಳ್ಳಬೇಡಿ. ಇಂಥ ತಪ್ಪು ಮತ್ತೆ ಸಿಗುವುದು ಕಷ್ಟ. ಹಾಗಾಗಿ ಎಲ್ಲವನ್ನೂ ಇದ್ದ ಹಾಗೇ ನಿಲ್ಲಿಸಿಟ್ಟಿದ್ದೇವೆ. ನಿಮ್ಮ ಎಂಜಿನಿಯರು ಬಂದು ಕಣ್ಣಾರೆ ನೋಡುವವರೆಗೆ ಯಾರೂ ಏನನ್ನೂ ಮುಟ್ಟುವುದಿಲ್ಲ. ದಯವಿಟ್ಟು ಮೆಟ್ಟಿಲು ಹತ್ತಿ ಬರಲು ಹೇಳಿ.’

ಅವನು ಎರಡನೇ ಸಲ ಓದಿದ. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಮೊದಲು ನಗುವೇ ಬಂತು. ಅವನ ಕಂಪೈಲರು ಹನ್ನೆರಡು ವರ್ಷದಲ್ಲಿ ಮೊದಲ ಸಲ ನಿಜ ಹೇಳಿತ್ತು. ಗ್ರಾಮಿನಷ್ಟೂ ಹೆಚ್ಚುಕಡಿಮೆ ಇಲ್ಲದೆ ಹೇಳಿತ್ತು. ಕೇಳುವವರು ಮಾತ್ರ ಹೆಬ್ಬಾಗಿಲ ಫಲಕವನ್ನೇ ನಂಬಿದ್ದರು.

ಬ್ಯಾಟರಿ ಒಂದು ಪರ್ಸೆಂಟಿಗೆ ಇಳಿಯಿತು. ಉತ್ತರ ಬರೆಯಲು ಸಮಯವಿಲ್ಲ. ಯಾರಿಗಾದರೂ ಫೋನು ಮಾಡಿ ಒಂದೇ ಒಂದು ಮಾತು ಹೇಳಬೇಕು. ‘ಲಿಫ್ಟಿನಲ್ಲಿದ್ದೇನೆ’ ಅಂದರೆ ಸಾಕು. ಅವನು ಗಂಟಲು ಸರಿಮಾಡಿಕೊಂಡು ಆ ಮಾತನ್ನು ಬಾಯಿಪಾಠ ಮಾಡಿಕೊಳ್ಳುತ್ತಿರುವಾಗಲೇ, ದೇವರು ಕಣ್ಣು ಬಿಟ್ಟಂತೆ, ಫೋನು ತಾನಾಗಿಯೇ ಬಡಿದುಕೊಂಡಿತು. ಹೆಂಡತಿ. ಹಿಂದೆ ಮಗಳು ಬಕೆಟ್ಟು ಬಡಿಯುತ್ತಿದ್ದ ಸದ್ದೂ ಕೇಳಿಸಿತು.

“ರೀ, ಕೆಳಗೆ ನಿಂತಿದೀವಿ. ಹದಿನೈದು ನಿಮಿಷ ಉಳಿದಿದೆ ಅಷ್ಟೇ. ಎಲ್ಲಿದೀರಾ?”

ಅವನು ಬಾಯಿ ತೆರೆದ. ಹತ್ತು ವರ್ಷದ ಅಭ್ಯಾಸ ಅವನಿಗಿಂತ ಮುಂಚೆ ಬಾಯಿಗೆ ಬಂದು ನಿಂತಿತ್ತು.

“ಇಗೋ ಬಂದೆ!” ಎಂದ. ಫೋನು ಆರಿಹೋಯಿತು.